ಒಂದು ಕ್ಲಿಕ್ಕಿನ ಬೆಲೆ: ಗಂಜಿನ ಹರಾಜು, ಅಂತರಜಾಲದ ಹರಾಜು

ರಾಯಚೂರು ತಾಲ್ಲೂಕಿನ ಚಂದ್ರಬಂಡದಿಂದಲೋ, ದೇವದುರ್ಗ, ಮಾನ್ವಿಗಳ ಕಡೆಯಿಂದಲೋ ರೈತರು ಹತ್ತಿಯನ್ನು ಮಾರಲು ರಾಯಚೂರಿನ ಗಂಜಿಗೆ ತರುವುದನ್ನು ನೀವು ನೋಡಿರಬಹುದು. ಟೆಂಡರ್ ಪದ್ಧತಿಯಲ್ಲಿ ಖರೀದಿದಾರರು ಮಾಲನ್ನು ಪರೀಕ್ಷಿಸಿ, ತಮ್ಮ ದರವನ್ನು ಇತರರಿಗೆ ತಿಳಿಯದಂತೆ ನಮೂದಿಸುತ್ತಾರೆ. ಹೆಚ್ಚಿನ ದರ ಬರೆದವರಿಗೆ ಮಾಲು ಸಿಗುತ್ತದೆ. ಬರೆದಷ್ಟನ್ನೂ ಅವರು ಕೊಡಬೇಕು. 2014ರಲ್ಲಿ ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಮೇಲೆ ಚೀಟಿಯ ಜಾಗಕ್ಕೆ ಗಣಕ ಬಂದಿತು. ಸಾಧನ ಬದಲಾಯಿತು, ಹರಾಜಿನ ತತ್ತ್ವ ಬದಲಾಗಲಿಲ್ಲ.

ಇನ್ನೊಂದು ಹರಾಜು ನಿಮ್ಮ ಕಣ್ಣೆದುರಿಗೇ ನಡೆಯುತ್ತದೆ, ಆದರೆ ಕಾಣುವುದಿಲ್ಲ. ಅಂತರಜಾಲದ ಶೋಧಯಂತ್ರದಲ್ಲಿ ‘ಹನಿ ನೀರಾವರಿ ಪೈಪು’ ಎಂದು ಬರೆದು ಹುಡುಕಿ. ‘ಪ್ರಾಯೋಜಿತ’ ಎಂಬ ಗುರುತಿನೊಡನೆ ಕೆಲವು ಕೊಂಡಿಗಳು ಬರಬಹುದು. ಯಾವ ಅಂಗಡಿಯ ಜಾಹೀರಾತು ಮೇಲಿರಬೇಕೆಂಬುದು ಕ್ಷಣಾರ್ಧದ ಹರಾಜಿನಲ್ಲಿ ತೀರ್ಮಾನವಾಗಿರುತ್ತದೆ. ಇಲ್ಲಿ ಮಾಲು ಎಂದರೆ ನಿಮ್ಮ ಗಮನ. ನೀವು ಕೊಂಡಿಯನ್ನು ಒತ್ತಿದರೆ ಮಾತ್ರ ಅಂಗಡಿಯವನು ಹಣ ತೆರಬೇಕು. ಇದೇ ಕ್ಲಿಕ್ ಆಧಾರಿತ ಜಾಹೀರಾತು. ಇದರ ಚರಿತ್ರೆ ಎಂದರೆ ಹರಾಜಿನ ನಿಯಮಗಳ ಚರಿತ್ರೆ.

ಮೊದಲ ಹರಾಜು ಮತ್ತು ಅದರ ದೋಷ

ಪತ್ರಿಕೆಯಲ್ಲಿ ಜಾಹೀರಾತಿನ ದರ ಅದು ಆಕ್ರಮಿಸುವ ಜಾಗವನ್ನು ಅವಲಂಬಿಸುತ್ತದೆ. 1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಜಾಲತಾಣದಲ್ಲಿ ಪಟ್ಟಿಯಾಕಾರದ ಜಾಹೀರಾತುಗಳು ಕಾಣಿಸಿಕೊಂಡವು. ಅನಂತರದ ವರ್ಷಗಳಲ್ಲಿ ಇಂಥ ಜಾಹೀರಾತುಗಳಿಗೆ ಸಾವಿರ ಪ್ರದರ್ಶನಗಳಿಗೆ ಇಷ್ಟು ಎಂದು ದರ ಕಟ್ಟುವುದು ರೂಢಿಯಾಯಿತು. ನೋಡಿದವರು ಗಿರಾಕಿಯೋ ಅಲ್ಲವೋ ತಿಳಿಯುತ್ತಿರಲಿಲ್ಲ.

1998ರಲ್ಲಿ ಕ್ಯಾಲಿಫೋರ್ನಿಯದ ಬಿಲ್ ಗ್ರಾಸ್ ‘ಗೋಟು’ ಎಂಬ ಶೋಧಯಂತ್ರದಲ್ಲಿ ಪ್ರತಿಯೊಂದು ಪದವನ್ನೂ ಹರಾಜಿಗಿಟ್ಟರು. ಕ್ಲಿಕ್ಕಿಗೆ ಹೆಚ್ಚು ದರ ಹೇಳಿದವರಿಗೆ ಮೇಲಿನ ಸ್ಥಾನ, ಹೇಳಿದಷ್ಟೇ ಪಾವತಿ. ಇದು ಗಂಜಿನ ನಿಯಮವೇ. ಆದರೆ ಎರಡು ವ್ಯತ್ಯಾಸಗಳಿದ್ದವು. ಒಬ್ಬರ ದರ ಇನ್ನೊಬ್ಬರಿಗೆ ಕಾಣುತ್ತಿತ್ತು, ಮತ್ತು ಅದನ್ನು ಯಾವಾಗ ಬೇಕಾದರೂ ಬದಲಿಸಬಹುದಾಗಿತ್ತು. ಪರಿಣಾಮವನ್ನು ನೀವೇ ಲೆಕ್ಕ ಹಾಕಿ ನೋಡಿ.

ಮೊದಲ ಸ್ಥಾನಕ್ಕೆ ದಿನಕ್ಕೆ 100 ಕ್ಲಿಕ್, ಎರಡನೆಯದಕ್ಕೆ 60 ಕ್ಲಿಕ್ ಬರುತ್ತವೆ ಎನ್ನೋಣ. ಒಂದು ಕ್ಲಿಕ್ಕಿನಿಂದ ‘ಅ’ ಅಂಗಡಿಗೆ 12 ರೂ., ‘ಆ’ ಅಂಗಡಿಗೆ 8 ರೂ., ‘ಇ’ ಅಂಗಡಿಗೆ 4 ರೂ. ಪ್ರಯೋಜನವಿದೆ. ‘ಇ’ 4 ರೂ. ಹೇಳುತ್ತದೆ. ‘ಆ’ 4.05 ಎನ್ನುತ್ತದೆ, ‘ಅ’ 4.10 ಎಂದು ಮೇಲೇರುತ್ತದೆ. ಪೈಪೋಟಿಯಲ್ಲಿ ಐದೈದು ಪೈಸೆ ಏರುತ್ತಾ ದರ 5.63 ರೂ. ದಾಟುತ್ತದೆ. ಅಲ್ಲಿ ‘ಆ’ ಅಂಗಡಿಗೆ ಒಂದು ವಿಷಯ ಹೊಳೆಯುತ್ತದೆ. ಈ ದರಕ್ಕೆ ಮೊದಲ ಸ್ಥಾನದಲ್ಲಿ ಉಳಿಯುವುದು 237 ರೂ.; 4.05ಕ್ಕೆ ಇಳಿದು ಎರಡನೆಯ ಸ್ಥಾನದಲ್ಲಿದ್ದರೂ ಉಳಿಯುವುದು 237 ರೂ. ಇದಕ್ಕಿಂತ ಮೇಲೇರಿದರೆ ನಷ್ಟವೇ. ಅದು ಥಟ್ಟನೆ ಕೆಳಗಿಳಿಯುತ್ತದೆ. ‘ಅ’ ಕೂಡ 4.10ಕ್ಕೆ ಇಳಿಯುತ್ತದೆ. ಮತ್ತೆ ಏರಾಟ ಆರಂಭ! ದರದ ನಕ್ಷೆ ಬರೆದರೆ ಗರಗಸದ ಹಲ್ಲುಗಳಂತೆ ಕಾಣುತ್ತದೆ. 2001ರಲ್ಲಿ ‘ಓವರ್ಚರ್’ ಎಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆಯ ಹರಾಜುಗಳಲ್ಲಿ ಇಂಥ ಏರಿಳಿತವನ್ನು ಸಂಶೋಧಕರು ಗುರುತಿಸಿದ್ದಾರೆ.

ಎರಡನೆಯ ದರದ ಉಪಾಯ

ಗೂಗಲ್ 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ‘ಆಡ್‌ವರ್ಡ್ಸ್’ ಆರಂಭಿಸಿತು. ಆಗ ದರ ಪ್ರದರ್ಶನದ ಲೆಕ್ಕದಲ್ಲಿತ್ತು. 2002ರ ಫೆಬ್ರವರಿಯಲ್ಲಿ ಕ್ಲಿಕ್ ಹರಾಜು ಬಂದಾಗ ಎರಡು ಹೊಸ ನಿಯಮಗಳೂ ಬಂದವು. ಒಂದು, ಗೆದ್ದವನು ತಾನು ಹೇಳಿದ ದರವನ್ನಲ್ಲ, ತನ್ನ ಕೆಳಗಿನವನನ್ನು ಮೀರಿಸಲು ಬೇಕಾದಷ್ಟನ್ನು ಮಾತ್ರ ಕೊಟ್ಟರೆ ಸಾಕು. ಎರಡು, ಸ್ಥಾನವನ್ನು ದರವೊಂದೇ ನಿರ್ಧರಿಸದು. ಜಾಹೀರಾತನ್ನು ಕಂಡವರಲ್ಲಿ ಎಷ್ಟು ಮಂದಿ ಒತ್ತುತ್ತಾರೆ ಎಂಬ ಪ್ರಮಾಣವನ್ನೂ ದರಕ್ಕೆ ಗುಣಿಸಬೇಕು.

ಒಂದು ಅಂಗಡಿ 10 ರೂ. ಹೇಳಿದೆ, ನೂರಕ್ಕೆ 2 ಮಂದಿ ಒತ್ತುತ್ತಾರೆ: ಅಂಕ 20. ಇನ್ನೊಂದು 6 ರೂ. ಹೇಳಿದೆ, ನೂರಕ್ಕೆ 5 ಮಂದಿ ಒತ್ತುತ್ತಾರೆ: ಅಂಕ 30. ಕಡಿಮೆ ದರದವನೇ ಮೇಲೆ! ಅವನು ತೆರಬೇಕಾದುದು 20ನ್ನು 5ರಿಂದ ಭಾಗಿಸಿದಾಗ ಬರುವ 4 ರೂ.ಗಿಂತ ತುಸು ಹೆಚ್ಚು. ಹಣವಿದ್ದವನಿಗಿಂತ, ಹುಡುಕುವವನಿಗೆ ಬೇಕಾದುದನ್ನು ಹೇಳಿದವನಿಗೆ ಇಲ್ಲಿ ಅನುಕೂಲ.

ಎರಡನೆಯ ದರದ ಹರಾಜನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ವಿಶ್ಲೇಷಿಸಿದ್ದರು. ಒಂದೇ ವಸ್ತುವಿನ ಹರಾಜಿನಲ್ಲಿ ಈ ನಿಯಮವಿದ್ದರೆ ತನ್ನ ಮನಸ್ಸಿನ ನಿಜವಾದ ಬೆಲೆಯನ್ನು ಹೇಳುವುದೇ ಜಾಣತನ. ಅವರಿಗೆ 1996ರಲ್ಲಿ ನೊಬೆಲ್ ಗೌರವ ಬಂದಿತು. ಆದರೆ ಹಲವು ಸ್ಥಾನಗಳ ಹರಾಜಿಗೆ ಈ ಫಲಿತಾಂಶ ಹಾಗೆಯೇ ಅನ್ವಯಿಸದೆಂದು 2007ರಲ್ಲಿ ಪ್ರಕಟವಾದ ಎಡೆಲ್‌ಮನ್, ಆಸ್ಟ್ರೋವ್‌ಸ್ಕಿ, ಶ್ವಾರ್ಜ್ ಅವರ ಪ್ರಬಂಧ ತೋರಿಸಿತು. ಹೀಗಾಗಿ ಜಾಹೀರಾತುದಾರ ಈಗಲೂ ಲೆಕ್ಕ ಹಾಕಲೇಬೇಕು.

ಅಂಗಡಿಯವನ ಗಣಿತ

ರಾಯಚೂರಿನಲ್ಲಿ ಹನಿ ನೀರಾವರಿ ಸಾಮಗ್ರಿಯ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಿ. ನೂರು ಕ್ಲಿಕ್ಕಿಗೆ ಒಂದು ಮಾರಾಟ, ಪ್ರತಿ ಮಾರಾಟಕ್ಕೆ 500 ರೂ. ಲಾಭ ಎಂದಾದರೆ ಒಂದು ಕ್ಲಿಕ್ಕಿಗೆ 5 ರೂ.ಗಿಂತ ಹೆಚ್ಚು ಕೊಡುವುದು ನಷ್ಟ. 6 ರೂ.ನಂತೆ ದಿನಕ್ಕೆ 300 ರೂ. ತೊಡಗಿಸಿದರೆ 50 ಕ್ಲಿಕ್, ಸರಾಸರಿ ಅರ್ಧ ಮಾರಾಟ, 250 ರೂ. ಲಾಭ, ಅಂದರೆ ನಿತ್ಯ 50 ರೂ. ಕೈಬಿಟ್ಟು ಹೋಗುತ್ತದೆ.

ದರ ಇಳಿಸುವುದೊಂದೇ ಪರಿಹಾರವಲ್ಲ. ‘ಹನಿ ನೀರಾವರಿ’ ಎಂದು ಹುಡುಕುವವರಲ್ಲಿ ಪ್ರಬಂಧ ಬರೆಯುವ ನಿಮ್ಮ ವಿದ್ಯಾರ್ಥಿಗಳೂ ಇರುತ್ತಾರೆ! ‘ಪ್ರಬಂಧ’ ಎಂಬ ಪದವಿದ್ದರೆ ಜಾಹೀರಾತು ತೋರಿಸಬಾರದೆಂದು ಸೂಚಿಸಬಹುದು. ಊರಿನ ಸುತ್ತ ವೃತ್ತ ಎಳೆದು ಅದರೊಳಗೆ ಮಾತ್ರ ತೋರಿಸಬಹುದು. ಆದರೆ ರಾಯಚೂರಿನ ಸುತ್ತ 40 ಕಿ.ಮೀ. ವೃತ್ತದೊಳಗೆ ತೆಲಂಗಾಣದ ಊರುಗಳೂ ಬರುತ್ತವೆ. ಅಲ್ಲಿಯವರು ತೆಲುಗಿನಲ್ಲಿ ಹುಡುಕಬಹುದು. ಜಾಹೀರಾತು ನಿರ್ವಹಣೆ ಎಂದರೆ ಹೀಗೆ ಊಹಿಸುವುದು, ಪರೀಕ್ಷಿಸುವುದು, ಅಳೆಯುವುದು, ತಿದ್ದುವುದು. ಪ್ರಯೋಗಶಾಲೆಯ ಕ್ರಮವೂ ಇದೇ ಅಲ್ಲವೆ?

ತಕ್ಕಡಿ ಯಾರ ಕೈಯಲ್ಲಿ?

ಅಳತೆಯೇ ತಪ್ಪಿದರೆ? ಪ್ರತಿಸ್ಪರ್ಧಿಯ ಹಣ ಖಾಲಿ ಮಾಡಲು ಸುಮ್ಮನೆ ಕ್ಲಿಕ್ ಮಾಡುವ ಜನರೂ, ಕ್ರಮವಿಧಿಗಳೂ ಹುಟ್ಟಿಕೊಂಡವು. ಇಂಥ ಸುಳ್ಳು ಕ್ಲಿಕ್ಕುಗಳ ಬಗೆಗಿನ ದಾವೆಯನ್ನು ಗೂಗಲ್ 2006ರಲ್ಲಿ 9 ಕೋಟಿ ಡಾಲರ್‌ವರೆಗಿನ ಒಪ್ಪಂದದಿಂದ ಬಗೆಹರಿಸಿಕೊಂಡಿತು. ಮಾರಾಟವಾಗುತ್ತಿರುವ ವಸ್ತು ಏನೆಂಬುದೇ ನಮ್ಮ ಬೆಂಗಳೂರಿನಲ್ಲಿ ವಿವಾದವಾಯಿತು. ಆಡ್‌ವರ್ಡ್ಸ್‌ಗಾಗಿ ಗೂಗಲ್ ಇಂಡಿಯಾ ಐರ್ಲೆಂಡಿನ ಸಂಸ್ಥೆಗೆ ಕೊಟ್ಟ ಹಣವನ್ನು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2017ರಲ್ಲಿ ರಾಯಧನವೆಂದಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಮರುವಿಚಾರಣೆಗೆ ಕಳಿಸಿತು. 2022ರಲ್ಲಿ ಅದೇ ಪೀಠ ರಾಯಧನವಲ್ಲ ಎಂದು ತೀರ್ಮಾನಿಸಿತು.

ಇನ್ನೂ ದೊಡ್ಡ ಪ್ರಶ್ನೆಯೊಂದಿದೆ. ಈ ಹರಾಜಿನಲ್ಲಿ ಮಾರುವವನೂ, ನಿಯಮ ಮಾಡುವವನೂ, ತೂಗುವವನೂ ಒಬ್ಬನೇ. ಜಾಹೀರಾತಿನ ಗುಣಮಟ್ಟಕ್ಕೆ ಅಂಕ ಕೊಡುವವನೂ ಅವನೇ. ಗೂಗಲ್ ಶೋಧನೆಯಲ್ಲೂ ಶೋಧಪುಟದ ಪಠ್ಯ ಜಾಹೀರಾತಿನಲ್ಲೂ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿದೆ ಎಂದು 2024ರ ಆಗಸ್ಟ್ 5ರಂದು ಅಮೆರಿಕದ ನ್ಯಾಯಾಲಯ ತೀರ್ಪಿತ್ತಿತು. ಪೈಪೋಟಿಯ ಹೆದರಿಕೆಯಿಲ್ಲದೆ ಪಠ್ಯ ಜಾಹೀರಾತಿನ ದರ ಏರಿಸಲು ಅದಕ್ಕೆ ಸಾಧ್ಯವಾಗಿತ್ತೆಂದೂ ಗುರುತಿಸಿತು.

ಹತ್ತಿಯ ಮಾರುಕಟ್ಟೆ ಈ ಘಟ್ಟವನ್ನು ಹಿಂದೆಯೇ ಕಂಡಿದೆ. ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ದರ ತಿಳಿಸುವ ಪದ್ಧತಿ ನಮ್ಮ ದೇಶದ ಅನೇಕ ಕಡೆ ಇತ್ತು. ಮಾಲಿನ ಒಡೆಯನಿಗೇ ದರ ತಿಳಿಯುತ್ತಿರಲಿಲ್ಲ. 1886ರಲ್ಲಿ ಬೇರಾರಿನ ಕಾರಂಜಾದಲ್ಲಿ ನಿಯಂತ್ರಿತ ಹತ್ತಿ ಮಾರುಕಟ್ಟೆ ಬಂದಿತು. ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1930ರಲ್ಲಿ ಕೃಷಿ ಮಾರುಕಟ್ಟೆ ಕಾಯಿದೆಯಾಯಿತು. ಕರ್ನಾಟಕದ ಕಾಯಿದೆ 1966ರದು. ಬಹಿರಂಗ ದರ, ಪರೀಕ್ಷಿಸಿದ ತಕ್ಕಡಿ, ಉತ್ತರ ಹೇಳಬೇಕಾದ ಸಮಿತಿ, ಇವು ತಾವಾಗಿ ಬರಲಿಲ್ಲ; ಕೇಳಿ ಪಡೆದವು.

ತರಗತಿಯಲ್ಲಿ ಮೇಲಿನ ಮೂರು ಅಂಗಡಿಗಳ ಹರಾಜನ್ನು ವಿದ್ಯಾರ್ಥಿಗಳಿಂದಲೇ ಆಡಿಸಿ ನೋಡಿ. ಮೊದಲು ಹೇಳಿದಷ್ಟೇ ಪಾವತಿ, ಅನಂತರ ಎರಡನೆಯ ದರ. ಕೊನೆಯಲ್ಲಿ ಅಂಕಗಳನ್ನು ನೀವೊಬ್ಬರೇ ಗುಟ್ಟಾಗಿ ಕೊಡಿ. ‘ಲೆಕ್ಕ ತೋರಿಸಿ’ ಎಂದು ಮಕ್ಕಳು ಕೇಳಿದರೆ, ಪಾಠ ಅವರಿಗೆ ತಲುಪಿದೆ ಎಂದೇ ಅರ್ಥ.