ಚೆಕ್‌ರೋಲ್‌ನಿಂದ ಇ.ಆರ್.ಪಿ.ವರೆಗೆ: ಕಾಫಿ ಸೀಮೆಯ ಲೆಕ್ಕಪತ್ರದ ಚರಿತ್ರೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗೆ ಕಾರ್ಖಾನೆ ಎಂದರೆ ಮೊದಲಿಗೆ ಕಾಫಿ ಕ್ಯೂರಿಂಗ್ ವರ್ಕ್ಸ್. ತೋಟದ ಕಣದಲ್ಲಿ ಒಣಗಿದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಮತ್ತು ಚೆರಿ (ಇಡಿಯಾಗಿ ಒಣಗಿಸಿದ ಹಣ್ಣು) ಅಲ್ಲಿ ಸಿಪ್ಪೆ ಕಳೆದುಕೊಂಡು, ಗಾತ್ರ, ಸಾಂದ್ರತೆ, ಬಣ್ಣಗಳ ಪ್ರಕಾರ ಬೇರ್ಪಟ್ಟು, ಹುರಿಯದ ಬೀಜವಾಗಿ ಮಾರುಕಟ್ಟೆಗೆ ಹೊರಡುತ್ತದೆ. ಇಂಥ ಕಾರ್ಖಾನೆಯ ಖರೀದಿ, ದಾಸ್ತಾನು, ಸಂಸ್ಕರಣೆ, ಕೂಲಿ, ಮಾರಾಟ, ಹಣಕಾಸು ಎಲ್ಲವನ್ನೂ ಒಂದೇ ಕಡೆ ಹಿಡಿದಿಡುವ ತಂತ್ರಾಂಶಕ್ಕೆ ಇ.ಆರ್.ಪಿ. ಎಂದು ಹೆಸರು. ತಂತ್ರಾಂಶ ಬಂದದ್ದು ಈಚೆಗೆ. ಅದು ಮಾಡುವ ಕೆಲಸ ಮಾತ್ರ ತೋಟಗಳಷ್ಟೇ ಹಳೆಯದು. ಸುಂಕ ಕೇಳಿದ ಸರ್ಕಾರ, ಕಾಫಿಯನ್ನೆಲ್ಲ ವಶಕ್ಕೆ ಪಡೆದ ಮಂಡಳಿ, ಹಾಜರಿ ಕೇಳಿದ ಕಾನೂನು, ಮೂಲ ಕೇಳುವ ವಿದೇಶಿ ಗಿರಾಕಿ ಹೀಗೆ ಒಬ್ಬರಾದ ಮೇಲೊಬ್ಬರು ಹೊರಗಿನವರು ಬಂದು ಕೇಳಿದಾಗಲೇ ಇಲ್ಲಿನ ಲೆಕ್ಕದ ಪುಸ್ತಕ ಬದಲಾಗಿದೆ.

ಬಾಬಾಬುಡನ್ ಗಿರಿಯ ಕಾಫಿಯ ಕಥೆ 17ನೇ ಶತಮಾನಕ್ಕೆ ಸೇರಿದ್ದು. ವ್ಯಾಪಾರಕ್ಕಾಗಿ ದೊಡ್ಡ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ. 1830ರ ಸುಮಾರಿಗೆ ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಬಳಿ ತೋಟ ಮಾಡಿದ್ದು ಆ ಸಾಲಿನ ಮೊದಲಿಗೆ ಬರುತ್ತದೆ. ಆಗ ಮೈಸೂರು ಸರ್ಕಾರ ಕಾಫಿಯ ಮೇಲೆ ‘ಹಾಲತ್’ ಎಂಬ ಸುಂಕ ಹಾಕುತ್ತಿತ್ತು. ಅದರ ಲೆಕ್ಕ ಜಮೀನಿನ ಮೇಲಲ್ಲ, ಬೆಳೆಯ ತೂಕದ ಮೇಲೆ, ಮಣಕ್ಕೆ ಇಷ್ಟು ಎಂದು. ಆದ್ದರಿಂದ ತೋಟದಿಂದ ಹೊರಟ ಮಾಲಿನ ತೂಕ ಬರೆದಿಡುವುದು ಅನಿವಾರ್ಯವಾಯಿತು. ಮುಂದೆ ಎಕರೆ ಲೆಕ್ಕದ ಕಂದಾಯ ಬಂದು ಸುಂಕ ಹೋದರೂ ತೂಕ ಬರೆಯುವ ರೂಢಿ ಉಳಿಯಿತು.

ತೋಟದ ಎರಡನೇ ಪುಸ್ತಕ ಚೆಕ್‌ರೋಲ್. ಬೆಳಿಗ್ಗೆ ಆಳುಗಳು ಸೇರಿದಾಗ ತೋಟದ ಗುಮಾಸ್ತರಾದ ರೈಟರು ಹೆಸರು ಕೂಗಿ ಹಾಜರಿ ಹಾಕುವರು. ಯಾರು ಯಾವ ಬ್ಲಾಕಿನಲ್ಲಿ ಕಸಿ, ಕಳೆ, ಗೊಬ್ಬರ, ಕುಯ್ಲಿನ ಯಾವ ಕೆಲಸಕ್ಕೆ ಹೋದರು, ಇಡೀ ದಿನವೋ ಅರ್ಧ ದಿನವೋ ಎಂಬುದೆಲ್ಲ ಅದರಲ್ಲಿ ದಾಖಲಾಗುವುದು. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಆಳುಗಳನ್ನು ತರುತ್ತಿದ್ದವರು ಮೇಸ್ತ್ರಿಗಳು. ಮೇಸ್ತ್ರಿಗೆ ಕೊಟ್ಟ ಮುಂಗಡ, ಅವನು ಆಳಿಗೆ ಕೊಟ್ಟದ್ದು, ಬಟವಾಡೆಯಲ್ಲಿ ಮುರಿದುಕೊಂಡದ್ದು ಇವಕ್ಕೆ ಇನ್ನೊಂದು ಲೆಡ್ಜರು. ಕೆಲಸವಾರು ಖರ್ಚು ತಿಳಿಯಬೇಕಾದರೆ ತಿಂಗಳ ಕೊನೆಯಲ್ಲಿ ಚೆಕ್‌ರೋಲನ್ನು ಬ್ಲಾಕು, ಕೆಲಸಗಳ ಪ್ರಕಾರ ಕೂಡಿಸಿ ತೆಗೆಯಬೇಕಿತ್ತು. ಇಂದಿನ ತಂತ್ರಾಂಶ ಇದೇ ವಿವರವನ್ನು ಕೂಲಿಯ ಭಾಗದಲ್ಲೂ ವೆಚ್ಚದ ಭಾಗದಲ್ಲೂ ಒಟ್ಟಿಗೆ ತೋರಿಸುತ್ತದೆ.

ಮೊದಲ ಕಾಲದಲ್ಲಿ ಈ ಬೆಟ್ಟಗಳ ಕಾಫಿ ಘಟ್ಟ ಇಳಿದು ಕರಾವಳಿಗೆ ಹೋಗುತ್ತಿತ್ತು. ಒಳ್ಳೆಯ ಬಿಸಿಲು ಮತ್ತು ಹಡಗು ಎರಡೂ ಸಿಗುವ ಮಂಗಳೂರು, ಕೋಳಿಕೋಡಿನಂಥ ಬಂದರುಗಳಲ್ಲಿ ಕ್ಯೂರಿಂಗ್ ನಡೆಯುತ್ತಿತ್ತು. ಕ್ರಮೇಣ ಹುಣಸೂರು, ಹಾಸನ, ಚಿಕ್ಕಮಗಳೂರುಗಳಲ್ಲೂ ಕಾರ್ಖಾನೆಗಳು ಬಂದವು. ಒಬ್ಬ ಬೆಳೆಗಾರನ ಮಾಲು ನೂರಾರು ಜನರ ಮಾಲಿನ ನಡುವೆ ಹೋಗಿ ಕಡೆಗೆ ಅವನ ಹೆಸರಿಗೇ ಹೊರಬರಬೇಕು. ಅದಕ್ಕೆ ಪ್ರತಿ ಲಾಟಿಗೂ ನಂಬರು. ಲಾಟಿನ ತೂಕವಂತೂ ದಾರಿಯುದ್ದಕ್ಕೂ ಇಳಿಯುತ್ತದೆ. 50 ಕಿಲೋ ಅರೇಬಿಕಾ ಪಾರ್ಚ್‌ಮೆಂಟ್‌ನಿಂದ ಬರುವ ಬೀಜ ಸುಮಾರು 40 ಕಿಲೋ. 50 ಕಿಲೋ ಚೆರಿಯಿಂದ ಹೆಚ್ಚುಕಡಿಮೆ ಅದರ ಅರ್ಧ. ಹೀಗೆ ಇಳಿದು ಉಳಿದದ್ದೇ ಔಟ್‌ಟರ್ನ್. ಆ ಬೀಜ ಮತ್ತೆ ಜರಡಿಯಲ್ಲಿ ಎಎ, ಎ, ಬಿ, ಸಿ ಎಂದೂ ಒಂಟಿ ಬೀಜದ ಪೀಬೆರಿ ಎಂದೂ ಒಡೆಯುತ್ತದೆ. ಎ ಗ್ರೇಡಿಗೆ 6.65 ಮಿ.ಮೀ., ಬಿ ಗ್ರೇಡಿಗೆ 6 ಮಿ.ಮೀ. ಕಣ್ಣಿನ ಜರಡಿ. ಕಪ್ಪು ಬೀಜ, ಚೂರುಗಳಿಗೆ ಬೇರೆ ಲೆಕ್ಕ. ಔಟ್‌ಟರ್ನ್ ರಿಪೋರ್ಟು ಬೆಳೆಗಾರನ ಕೈಸೇರಿದಾಗಲೇ ಅವನ ವರ್ಷದ ದುಡಿಮೆಯ ಬೆಲೆ ತಿಳಿಯುವುದು.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು. ಬೆಲೆ ಕುಸಿದು ತೋಟಗಳು ಮುಳುಗದಂತೆ ತಡೆಯಲು ಮೊದಲು 1940ರ ಸುಗ್ರೀವಾಜ್ಞೆ, ಆಮೇಲೆ 1942ರ ಕಾಫಿ ಕಾಯ್ದೆ ಬಂದವು. ಕಾಯ್ದೆಯಂತೆ ಬೆಳೆಗಾರ ನೋಂದಾಯಿಸಿಕೊಂಡು ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಒಪ್ಪಿಸಿದ ಮೇಲೆ ಅದು ಅವನ ಕಾಫಿಯಾಗಿ ಉಳಿಯುತ್ತಿರಲಿಲ್ಲ. ಅವನ ಹೆಸರಿನಲ್ಲಿ ಇರುತ್ತಿದ್ದದ್ದು ಪಾಯಿಂಟ್ ಮಾತ್ರ. ಮಾಲಿನ ಬಗೆ, ಗ್ರೇಡು, ತೂಕಕ್ಕೆ ತಕ್ಕಂತೆ ಪಾಯಿಂಟ್ ನಿಗದಿಯಾಗುತ್ತಿತ್ತು. ಮಂಡಳಿ ಹರಾಜಿನಲ್ಲಿ ಮಾರಿ ಬಂದ ಹಣದಲ್ಲಿ ಖರ್ಚು ಕಳೆದು, ಉಳಿದದ್ದನ್ನು ಒಟ್ಟು ಪಾಯಿಂಟ್‌ಗಳಿಂದ ಭಾಗಿಸಿ, ಕಂತುಕಂತಾಗಿ ಹಂಚುತ್ತಿತ್ತು. ಕ್ಯೂರಿಂಗ್ ವರ್ಕ್ಸ್‌ಗಳು ಮಂಡಳಿಯ ಏಜೆಂಟರಾಗಿ ದುಡಿದವು.

ಲೆಕ್ಕದ ದೃಷ್ಟಿಯಿಂದ ಪೂಲ್ ದೊಡ್ಡ ಸಾಧನೆಯೇ. ಬೆಳೆಗಾರ, ಕಾರ್ಖಾನೆ, ಗೋದಾಮು, ಹರಾಜು, ಪಾವತಿ ಎಲ್ಲವೂ ಒಂದೇ ನಮೂನೆಯ ಕಾಗದದಲ್ಲಿ, ಒಂದೇ ಗ್ರೇಡು ಪಟ್ಟಿಯಲ್ಲಿ ಸೇರಿಕೊಂಡವು. ಕಂಪ್ಯೂಟರಿಲ್ಲದೆಯೇ ಇಡೀ ಉದ್ಯಮ ಒಂದು ಲೆಕ್ಕಕ್ಕೆ ಬಂತು. ಆದರೆ ಆ ಲೆಕ್ಕದಿಂದ ನಿರ್ಧಾರ ಮಾಡುವವರು ಬೆಂಗಳೂರಿನ ಮಂಡಳಿಯಲ್ಲಿದ್ದರು. ಯಾವಾಗ ಮಾರಬೇಕು, ಯಾರಿಗೆ, ಎಷ್ಟಕ್ಕೆ ಎಂಬ ಪ್ರಶ್ನೆ ತೋಟಕ್ಕೂ ಇರಲಿಲ್ಲ, ಕಾರ್ಖಾನೆಗೂ ಇರಲಿಲ್ಲ. ಕಂತಿನ ಕೊನೆಯ ಹಣ ಬರುವ ಹೊತ್ತಿಗೆ ಮುಂದಿನ ಬೆಳೆ ಪೂಲ್ ಸೇರಿರುತ್ತಿದ್ದುದೂ ಉಂಟು.

ಅದೇ ಕಾಲದಲ್ಲಿ ಬೇರೆ ಕಡೆಗಳಿಂದಲೂ ಪುಸ್ತಕಗಳು ಸೇರಿಕೊಂಡವು. 1948ರ ಕಾರ್ಖಾನೆ ಕಾಯ್ದೆ ಮತ್ತು 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಹಾಜರಿ, ಸಂಬಳದ ರಜೆ, ಕೆಲಸದ ಅವಧಿಯ ದಾಖಲೆ ಕಡ್ಡಾಯವಾಯಿತು. 1957ರ ಮೈಸೂರು ಕೃಷಿ ಆದಾಯ ತೆರಿಗೆ ಕಾಯ್ದೆ ತೋಟದ ಆದಾಯ-ವೆಚ್ಚದ ಲೆಕ್ಕ ಕೇಳಿತು. ಅದೇ ವರ್ಷ ಆಣೆ ಹೋಗಿ ನಯಾ ಪೈಸೆ ಬಂತು. ಅದರ ಬೆನ್ನಿಗೇ ಮಣ, ಸೇರು ಹೋಗಿ ಕಿಲೋ ಬಂತು. ದರ, ತೂಕ ಎರಡರ ಅಂಕಣವನ್ನೂ ರೈಟರುಗಳು ಹೊಸದಾಗಿ ಕಲಿಯಬೇಕಾಯಿತು.

ಇತ್ತ ಹೊರಜಗತ್ತಿನ ಕಾರ್ಖಾನೆಗಳಲ್ಲಿ ಬೇರೊಂದು ಬೆಳವಣಿಗೆ ನಡೆದಿತ್ತು. 1960ರ ದಶಕದಲ್ಲಿ ಅಮೆರಿಕದಲ್ಲಿ ಜೋಸೆಫ್ ಆರ್ಲಿಕಿ ಮೊದಲಾದವರು ಎಂ.ಆರ್.ಪಿ. ವಿಧಾನ ರೂಪಿಸಿದರು: ಯಂತ್ರವೊಂದಕ್ಕೆ ಬೇಕಾದ ಬಿಡಿಭಾಗಗಳ ಪಟ್ಟಿ ಹಿಡಿದು, ಯಾವುದು ಯಾವಾಗ ಎಷ್ಟು ಬೇಕೆಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವುದು. 1972ರಲ್ಲಿ ಐ.ಬಿ.ಎಂ. ಬಿಟ್ಟ ಐವರು ಎಂಜಿನಿಯರುಗಳು ಜರ್ಮನಿಯಲ್ಲಿ ಎಸ್.ಎ.ಪಿ. ಎಂಬ ತಂತ್ರಾಂಶ ಕಂಪನಿ ಕಟ್ಟಿದರು. 1990ರಲ್ಲಿ ಗಾರ್ಟ್ನರ್ ಸಂಸ್ಥೆ ಇ.ಆರ್.ಪಿ. ಎಂಬ ಹೆಸರು ಚಾಲ್ತಿಗೆ ತಂದಿತು, 1992ರಲ್ಲಿ ಎಸ್.ಎ.ಪಿ.ಯ ಆರ್/3 ತಂತ್ರಾಂಶ ಬಂತು. ಭಾರತದಲ್ಲಿ 1986ರಲ್ಲಿ ಶುರುವಾದ ಟ್ಯಾಲಿ ಸಣ್ಣ ವ್ಯಾಪಾರಿಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿತು.

ಅದೇ 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಕರಗಿತು. ಮೊದಲು ಬೆಳೆಯ ಒಂದು ಪಾಲನ್ನು ಸ್ವಂತವಾಗಿ ಮಾರಲು ಅವಕಾಶ ಸಿಕ್ಕಿತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ಪೂರ್ತಿ ಸ್ವತಂತ್ರರಾದರು. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಕಾಫಿ ರಫ್ತಿನ ಕಂಪನಿ ಕಟ್ಟಿ, 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದು ಈ ಬಿಡುಗಡೆಯ ಫಲ. ಅದುವರೆಗೆ ಮಂಡಳಿ ಹೊತ್ತಿದ್ದ ಪ್ರಶ್ನೆಗಳೆಲ್ಲ ಈಗ ಕಾರ್ಖಾನೆಯ ತಲೆಗೆ ಬಂದವು. ಲಂಡನ್ನಿನ ರೋಬಸ್ಟಾ ದರ, ನ್ಯೂಯಾರ್ಕಿನ ಅರೇಬಿಕಾ ದರ, ಡಾಲರಿನ ಏರಿಳಿತ, ಗೋದಾಮಿನಲ್ಲಿರುವ ಗ್ರೇಡು ಎಲ್ಲವೂ ದಿನದಿನವೂ ಒಟ್ಟಿಗೆ ಕಣ್ಣಮುಂದಿರಬೇಕು. ಬೆಳೆಗಾರ ಹಣ ಪಡೆಯದೆ ದರಕ್ಕಾಗಿ ಕಾಯುತ್ತಾ ಇಟ್ಟುಹೋದ ಮಾಲೂ ಕಾರ್ಖಾನೆ ಕೊಂಡ ಮಾಲೂ ಒಂದೇ ಗೋದಾಮಿನಲ್ಲಿ ಇರುವುದರಿಂದ ಎರಡನ್ನೂ ಬೇರೆಬೇರೆಯಾಗಿ ತೋರಿಸಬೇಕು. ತಿಂಗಳಿಗೊಮ್ಮೆ ಕೂಡಿಸುವ ಲೆಡ್ಜರು ಇದಕ್ಕೆ ಸಾಲದು.

ಆದರೆ ಬಿಡಿಭಾಗ ಜೋಡಿಸುವ ಕಾರ್ಖಾನೆಗಾಗಿ ಹುಟ್ಟಿದ ವಿಧಾನ ಕಾಫಿಗೆ ಹಾಗೇ ಒಗ್ಗುವುದಿಲ್ಲ. ಅಲ್ಲಿ ಹಲವು ಸೇರಿ ಒಂದಾಗುತ್ತದೆ. ಇಲ್ಲಿ ಒಂದು ಒಡೆದು ಹಲವಾಗುತ್ತದೆ. ಒಂದು ಲಾಟಿನಿಂದ ಎ ಗ್ರೇಡು ಎಷ್ಟು ಬರುವುದೆಂದು ಮೊದಲೇ ಗೊತ್ತಿಲ್ಲ. ಔಟ್‌ಟರ್ನ್ ಸಿಗುವುದು ಕೆಲಸ ಮುಗಿದ ಮೇಲೆ. ರೋಬಸ್ಟಾ ಚೆರಿಯ ವ್ಯಾಪಾರವಂತೂ ಔಟ್‌ಟರ್ನ್ ನೋಡಿಯೇ ನಡೆಯುತ್ತದೆ. ಖರೀದಿಯ ಹೊತ್ತಿನಲ್ಲಿ ಮಾದರಿ ತೆಗೆದು ಸುಲಿದು ತೂಗಿದ ಫಲಿತಾಂಶವನ್ನು ತಂತ್ರಾಂಶ ದರಕ್ಕೆ ಗುಣಿಸಬೇಕು. ತೇವಾಂಶ ಆರಿ ಕಡಿಮೆಯಾದ ತೂಕ ಕಳವೋ ನಷ್ಟವೋ ಎಂದು ತೋರದಂತೆ, ಆದರೆ ನಿಜವಾದ ಕಳವು ಮುಚ್ಚಿಹೋಗದಂತೆ ಮಿತಿ ಹಾಕಬೇಕು. ಹೊಟ್ಟಿಗೂ ಲೆಕ್ಕವಿರಬೇಕು.

ಕಾಲದ ತೊಡಕೂ ಇದೆ. ಹಣಕಾಸಿನ ವರ್ಷ ಏಪ್ರಿಲ್ 1ಕ್ಕೆ ಶುರು. ಕಾಫಿಯ ವರ್ಷ ಅಕ್ಟೋಬರ್ 1ಕ್ಕೆ. ಏಪ್ರಿಲ್ ಬಂದಾಗ ಕಾರ್ಖಾನೆಯ ಅಂಗಳ, ಯಂತ್ರ, ಗೋದಾಮು ಮೂರೂ ಅರೆಬರೆ ಮಾಲಿನಿಂದ ತುಂಬಿರುತ್ತವೆ. ಆ ದಿನದ ಶಿಲ್ಕನ್ನು ಹೊಸ ತಂತ್ರಾಂಶಕ್ಕೆ ತಪ್ಪಿಲ್ಲದೆ ಏರಿಸುವುದು ಕಷ್ಟ. ಕೆಲಸ ಇಳಿಯುವ ಮಳೆಗಾಲದಲ್ಲಿ ಬದಲಾವಣೆ ಸುಲಭ. ಆದರೆ ಈ ಸೀಮೆಯ ಜಡಿಮಳೆಗೆ ಕರೆಂಟು ಹೋಗುವುದೂ ಆಗಲೇ, ಸಂಪರ್ಕ ಕಡಿಯುವುದೂ ಆಗಲೇ. ಹಳೆಯ ಪುಸ್ತಕವನ್ನೂ ಹೊಸ ತಂತ್ರಾಂಶವನ್ನೂ ಕೆಲವು ಕಾಲ ಜೊತೆಯಲ್ಲೇ ನಡೆಸಿ ತಾಳೆ ನೋಡಿದರೆ ಮಾತ್ರ ದೋಷ ಹೊರಬೀಳುತ್ತದೆ. ಗ್ರೇಡಿನ ಹೆಸರು, ಲಾಟಿನ ನಂಬರು, ಬ್ಲಾಕಿನ ಗಡಿಗಳನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಅದು ತಿಳಿದಿರುವುದು ರೈಟರಿಗೆ, ಗೋದಾಮಿನ ಗುಮಾಸ್ತರಿಗೆ. ಅವರನ್ನು ಬಿಟ್ಟು ಹಾಕಿದ ತಂತ್ರಾಂಶದ ಪಕ್ಕದಲ್ಲಿ ನೋಟ್‌ಬುಕ್ ಮತ್ತೆ ತಲೆಯೆತ್ತುತ್ತದೆ.

ಹೊಸ ಶತಮಾನದಲ್ಲಿ ಕೇಳುವವರು ಇನ್ನೂ ಹೆಚ್ಚಾದರು. ಆದಾಯ ತೆರಿಗೆಯ 7ಬಿ ನಿಯಮದ ಪ್ರಕಾರ, ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇಕಡಾ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ವ್ಯಾಪಾರದ ಆದಾಯವೆನಿಸುತ್ತದೆ. ಆದ್ದರಿಂದ ಒಂದೇ ಕಂಪನಿಯಲ್ಲಿ ಸ್ವಂತ ಬೆಳೆ, ಕೊಂಡ ಬೆಳೆ, ಹುರಿದ ಮಾಲು ಪ್ರತ್ಯೇಕವಾಗಿ ನಿಲ್ಲಬೇಕು. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂತು. 2019ರ ಮಾರ್ಚ್‌ನಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದೇ ತಿಂಗಳು ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರದ ಮಾರುಕಟ್ಟೆಯನ್ನು ಪ್ರಯೋಗಕ್ಕೆ ತಂದಿತು. 2023ರ ಯುರೋಪಿಯನ್ ಒಕ್ಕೂಟದ ನಿಯಮ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಒಳಗೆ ಬಿಡುವುದಿಲ್ಲ. ಕಾಫಿ ಬೆಳೆದ ಜಾಗದ ಅಕ್ಷಾಂಶ-ರೇಖಾಂಶವನ್ನು ಮಾಲಿನ ಜೊತೆ ಕೇಳುತ್ತದೆ. ಜಾರಿಯ ದಿನ ಮುಂದಕ್ಕೆ ಹೋದರೂ ಸಿದ್ಧತೆ ನಿಂತಿಲ್ಲ.

ಈ ಕೊನೆಯ ಬೇಡಿಕೆಯಿಂದ ಲೆಕ್ಕದ ಗಡಿ ಕಾರ್ಖಾನೆಯ ಗೇಟಿನಿಂದ ಹೊರನಾಡು, ಕಳಸದ ಸಣ್ಣ ಹಿಡುವಳಿಯವರೆಗೆ ಚಾಚಿದೆ. ದೇಶದ ಬೆಳೆಗಾರರಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಕಡಿಮೆ ಇರುವವರು. ಅಡಿಕೆ, ಮೆಣಸು, ಕಾಫಿ ಒಂದೇ ತೋಟದಲ್ಲಿರುವ ಇಂಥವರ ಬೆಳೆ ಊರಿನ ವ್ಯಾಪಾರಿಯ ಕೈಯಲ್ಲಿ ಇನ್ನೊಬ್ಬರ ಚೀಲದೊಂದಿಗೆ ಬೆರೆತರೆ, ಕಾರ್ಖಾನೆಯಲ್ಲಿ ಎಂಥ ತಂತ್ರಾಂಶವಿದ್ದರೂ ಮೂಲ ಹಿಡಿಯಲಾಗದು. ಪೂಲ್ ಕಾಲದಲ್ಲಿ ನೋಂದಣಿ ಮಾಡಿದ ಕೆಲಸವನ್ನು ಇಂದು ಜಾಗದ ಗುರುತು ಮಾಡಬೇಕಾಗಿದೆ. ಆಗಿನ ದಾಖಲೆ ಹಣ ಹಂಚುವುದಕ್ಕಾಗಿ ಇತ್ತು. ಈಗಿನದು ಮಾರುಕಟ್ಟೆಯ ಬಾಗಿಲು ತೆರೆಯುವುದಕ್ಕಾಗಿ. ಎರಡೂ ಕಾಲದಲ್ಲಿ ಮೊದಲ ನಮೂದು ಆಗಬೇಕಾದದ್ದು ಚೀಲ ತೂಗುವ ಜಾಗದಲ್ಲಿಯೇ.