ಯಾರೂ ತೊಡದ ಜೆರ್ಸಿಗಳು

1953ರಲ್ಲಿ ರಿಯೊ ಡಿ ಜನೈರೊದ ‘ಕೊರೆಯೊ ದ ಮನ್ಯಾ’ ಎಂಬ ಪತ್ರಿಕೆ ಓದುಗರಿಗೊಂದು ಸ್ಪರ್ಧೆ ಇಟ್ಟಿತು. ಬ್ರೆಜಿಲ್ ಫುಟ್‌ಬಾಲ್ ತಂಡಕ್ಕೆ ಹೊಸ ಉಡುಪು ಬೇಕಾಗಿದೆ, ಯಾರು ಬೇಕಾದರೂ ವಿನ್ಯಾಸ ಬರೆದು ಕಳಿಸಬಹುದು ಎಂದು. ಷರತ್ತು ಒಂದೇ. ದೇಶದ ಬಾವುಟದಲ್ಲಿರುವ ಹಸಿರು, ಹಳದಿ, ನೀಲಿ, ಬಿಳಿ ನಾಲ್ಕೂ ಬಣ್ಣ ಅದರಲ್ಲಿ ಬರಬೇಕು. ಅಲ್ಲಿಯವರೆಗೆ ಬ್ರೆಜಿಲ್ ಆಡುತ್ತಿದ್ದದ್ದು ಬಿಳಿ ಅಂಗಿಯಲ್ಲಿ. 1950ರ ಜುಲೈ 16ರಂದು ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ ಎದುರು 2-1ರಿಂದ ಸೋತು ವಿಶ್ವಕಪ್ ಕೈತಪ್ಪಿದ ಮೇಲೆ ಆ ಬಿಳಿ ಅಂಗಿ ಅಪಶಕುನದ ಬಟ್ಟೆಯಾಗಿಬಿಟ್ಟಿತ್ತು.

ಸ್ಪರ್ಧೆ ಗೆದ್ದವನು ಆಲ್ದೀರ್ ಗಾರ್ಸಿಯಾ ಶ್ಲೀ, 19 ವರ್ಷದ ಹುಡುಗ. ದಕ್ಷಿಣದ ಪೆಲೋಟಸ್ ಪಟ್ಟಣದಲ್ಲಿ ಪತ್ರಿಕೆಗೆ ಚಿತ್ರ ಬರೆದುಕೊಂಡಿದ್ದ. ನಾಲ್ಕು ಬಣ್ಣಗಳನ್ನು ಒಂದೇ ಮೈಮೇಲೆ ಕೂರಿಸುವುದು ಎಷ್ಟು ಕಷ್ಟವೆಂದು ಕೌದಿ ಹೊಲಿದವರಿಗೆ ಗೊತ್ತು. ಒಂದು ಹೆಚ್ಚಾದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಬರೆದು ಬರೆದು ಕೊನೆಗೆ ಶ್ಲೀ ಮುಟ್ಟಿದ ಉಪಾಯ ಇದು: ಅಂಗಿ ಹಳದಿ, ಅದರ ಕೊರಳಿಗೆ ಮತ್ತು ತೋಳಿನಂಚಿಗೆ ಹಸಿರು, ಚಡ್ಡಿ ನೀಲಿ, ಕಾಲುಚೀಲ ಬಿಳಿ. 1954ರಿಂದ ಬ್ರೆಜಿಲ್ ಆ ಬಟ್ಟೆಯಲ್ಲೇ ಆಡುತ್ತಿದೆ. ಪೆಲೆಯನ್ನು ನೆನೆದಾಗ ನಮ್ಮ ಕಣ್ಣಿಗೆ ಬರುವ ಹಳದಿ, ಎಂದೂ ದೊಡ್ಡ ಕ್ರೀಡಾಂಗಣದಲ್ಲಿ ಆಡದ ಒಬ್ಬ ಹವ್ಯಾಸಿಯ ಕಾಗದದಿಂದ ಎದ್ದುಬಂದದ್ದು.

ಶ್ಲೀ ಹುಟ್ಟಿದ್ದು ಜಾಗ್ವರಾವ್ ಎಂಬ ಗಡಿ ಊರಿನಲ್ಲಿ. ನದಿಯ ಆಚೆ ದಡವೇ ಉರುಗ್ವೆ. ಆತ ಬೆಂಬಲಿಸುತ್ತಿದ್ದದ್ದೂ ಉರುಗ್ವೆ ತಂಡವನ್ನೇ! ಮುಂದೆ ಆತ ಕಥೆಗಾರನಾದ, ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಬರೆದ, ಎರಡರ ನಡುವೆ ಅನುವಾದ ಮಾಡಿದ. 2018ರ ನವೆಂಬರ್ 15ರಂದು ತೀರಿಕೊಂಡ. ಮರುದಿನ ಲಂಡನ್ನಿನಲ್ಲಿ ಬ್ರೆಜಿಲ್ ಮತ್ತು ಉರುಗ್ವೆ ನಡುವೆ ಪಂದ್ಯವಿತ್ತು. ಅನುವಾದದಿಂದಲೇ ಹೊಟ್ಟೆ ಹೊರೆಯುವ ನನಗೆ ಈ ಮನುಷ್ಯನ ಬಗ್ಗೆ ಸಹಜವಾಗಿಯೇ ಒಲವು. ಎದುರು ದಡದ ತಂಡವನ್ನು ಪ್ರೀತಿಸುತ್ತಲೇ ಈ ದಡದವರಿಗೆ ಬಟ್ಟೆ ಹೊಲಿಯುವುದು ಅನುವಾದಕರ ಪಾಡೂ ಹೌದು.

ಶ್ಲೀಗೆ ಒಂದು ಪತ್ರಿಕೆ ಸಿಕ್ಕಿತು, ಒಂದು ದೇಶ ಸಿಕ್ಕಿತು. ಅಂಥ ಸಾವಿರಾರು ಜನರಿಗೆ ಏನೂ ಸಿಗುವುದಿಲ್ಲ, ಆದರೂ ಬರೆಯುತ್ತಾರೆ. ಯೂರೋಪಿನ ಕ್ಲಬ್ಬುಗಳಿಗೆ ತಮ್ಮದೇ ಕಲ್ಪನೆಯ ಜೆರ್ಸಿ ವಿನ್ಯಾಸ ಮಾಡುವುದು ಇವತ್ತು ಲೋಕದ ಎಲ್ಲ ಮೂಲೆಗಳಲ್ಲೂ ಇರುವ ಹವ್ಯಾಸ. ಹೈದರಾಬಾದಿನ ಬಾಲಾನಗರದಲ್ಲೂ ಇದೆ. ಅದರ ಬೇರು ಎಲ್ಲಿದೆ ಎಂದು ಹುಡುಕಿದರೆ, ಕ್ಲಬ್ಬುಗಳ ಬಣ್ಣಗಳೇ ಎಷ್ಟು ಆಕಸ್ಮಿಕ ಎಂಬುದು ಮೊದಲು ಎದುರಾಗುತ್ತದೆ.

ಇಟಲಿಯ ಯುವೆಂಟಸ್ ಶುರುವಿನಲ್ಲಿ ಗುಲಾಬಿ ಅಂಗಿಯಲ್ಲಿ ಆಡುತ್ತಿತ್ತು. ಒಗೆದು ಒಗೆದು ಬಣ್ಣ ಹೋಯಿತು. 1903ರಲ್ಲಿ ತಂಡದಲ್ಲಿದ್ದ ಜಾನ್ ಸ್ಯಾವೇಜ್ ಎಂಬ ಇಂಗ್ಲಿಷಿನವನು ನಾಟಿಂಗ್‌ಹ್ಯಾಮ್‌ನ ಗೆಳೆಯನ ಮೂಲಕ ಹೊಸ ಅಂಗಿ ತರಿಸಿದ. ಆ ಗೆಳೆಯ ನಾಟ್ಸ್ ಕೌಂಟಿ ತಂಡದ ಅಭಿಮಾನಿ. ಬಂದದ್ದು ಆ ತಂಡದ ಕಪ್ಪು ಬಿಳಿ ಪಟ್ಟೆಯ ಅಂಗಿ. ಯುವೆಂಟಸ್ ಅದನ್ನೇ ಉಳಿಸಿಕೊಂಡಿತು. ಸ್ಪೇನಿನ ಬಿಲ್ಬಾವೊದ ಅಥ್ಲೆಟಿಕ್ ಕ್ಲಬ್ ಮೊದಲು ತೊಡುತ್ತಿದ್ದದ್ದು ಬ್ಲ್ಯಾಕ್‌ಬರ್ನ್ ರೋವರ್ಸ್ ಮಾದರಿಯ ನೀಲಿ ಬಿಳಿ. 1909ರ ಕೊನೆಯಲ್ಲಿ ಹುವಾನ್ ಎಲೊರ್ದುಯ್ ಎಂಬಾತ ಇಂಗ್ಲೆಂಡಿಗೆ ಹೋದಾಗ ಅಂಥ ಅಂಗಿಗಳನ್ನು ಹುಡುಕಿದ, ಸಿಗಲಿಲ್ಲ. ಊರಿಗೆ ಮರಳುವ ಹಡಗು ಸೌತಾಂಪ್ಟನ್ ಬಂದರಿನಿಂದ. ಬರಿಗೈಯಲ್ಲಿ ಹೋಗುವುದಕ್ಕಿಂತ ಅಲ್ಲಿನ ಕ್ಲಬ್ಬಿನ ಕೆಂಪು ಬಿಳಿ ಪಟ್ಟೆಯ ಅಂಗಿಗಳನ್ನೇ ಕೊಂಡ. ಅವು ಬಿಲ್ಬಾವೊಗೂ ಅದರ ಮ್ಯಾಡ್ರಿಡ್ ಶಾಖೆಗೂ ಹಂಚಿಹೋದವು. ಆ ಶಾಖೆಯೇ ಇಂದಿನ ಅಟ್ಲೆಟಿಕೊ ಮ್ಯಾಡ್ರಿಡ್. ಚಡ್ಡಿ ಮಾತ್ರ ಹಳೆಯ ನೀಲಿಯದೇ ಉಳಿಯಿತು, ಇವತ್ತಿಗೂ ಅದೇ.

ನಂಬಿಕೆಯವರು ಪ್ರಾಣ ಬಿಡುವಷ್ಟು ಹಚ್ಚಿಕೊಂಡ ಬಣ್ಣಗಳು ಹೀಗೆ ಅಂಗಡಿಯಲ್ಲಿ ಇದ್ದದ್ದು, ಒಗೆತಕ್ಕೆ ತಾಳಿದ್ದು, ಹಡಗು ಹತ್ತುವ ಗಡಿಬಿಡಿಯಲ್ಲಿ ಸಿಕ್ಕಿದ್ದು. ಭಾಷೆಯಲ್ಲೂ ಹೀಗೇ ಅಲ್ಲವೇ? ಪದಕ್ಕೂ ಅರ್ಥಕ್ಕೂ ಇರುವ ನಂಟು ಆಕಸ್ಮಿಕ. ಬಳಸಿ ಬಳಸಿ ಅದು ಅನಿವಾರ್ಯವೆನ್ನಿಸುತ್ತದೆ. ಮರವನ್ನು ‘ಮರ’ ಎನ್ನದೆ ಬೇರೇನು ಅನ್ನಲು ಸಾಧ್ಯ ಎಂದು ಕನ್ನಡದವರಿಗೆ ಅನ್ನಿಸುವಂತೆ, ಯುವೆಂಟಸ್ ಕಪ್ಪು ಬಿಳಿ ಅಲ್ಲದೆ ಬೇರೇನಾಗಲು ಸಾಧ್ಯ ಎಂದು ಟ್ಯೂರಿನ್ನಿನವರಿಗೆ ಅನ್ನಿಸುತ್ತದೆ.

ಪದಗಳಂತೆ ಬಣ್ಣಗಳಿಗೂ ವ್ಯಾಕರಣವಿದೆ. ಎದುರಾಳಿಗಳಿಬ್ಬರೂ ಬೇರೆಬೇರೆಯಾಗಿ ಕಾಣಬೇಕು ಎಂಬುದು ಅದರ ಮೂಲಸೂತ್ರ. 1890ರ ದಶಕದ ಆರಂಭದಲ್ಲೇ ಇಂಗ್ಲಿಷ್ ಲೀಗ್ ಒಂದೇ ಬಣ್ಣದ ಗೊಂದಲ ತಪ್ಪಿಸಲು ನಿಯಮ ಮಾಡಿತು. ಗೋಲ್‌ಕೀಪರ್ ತನ್ನ ತಂಡದವರಿಗಿಂತ ಬೇರೆ ಬಣ್ಣ ತೊಡಬೇಕೆಂಬ ನಿಯಮ 1909ರದು. ಈ ಗೋಲ್‌ಕೀಪರ್ ಸಂದಿಯಲ್ಲೇ ಒಬ್ಬ ಹವ್ಯಾಸಿ ನುಸುಳಿಕೊಂಡ. 1994ರ ವಿಶ್ವಕಪ್‌ನಲ್ಲಿ ಮೆಕ್ಸಿಕೊದ ಹೋರ್ಹೆ ಕಾಂಪೋಸ್ ತೊಟ್ಟ ಕಣ್ಣು ಕುಕ್ಕುವ ಜೆರ್ಸಿಗಳು ಅವನೇ ವಿನ್ಯಾಸ ಮಾಡಿಕೊಂಡವು. ಅಕಾಪುಲ್ಕೊದ ಕಡಲ ತೀರದ ಬಣ್ಣಗಳನ್ನೆಲ್ಲ ಮೈಮೇಲೆ ಸುರಿದುಕೊಂಡಂತೆ ಇದ್ದವು.

ಅಭಿಮಾನಿಗಳ ಕೈಗೆ ಬಣ್ಣ ಬಂದದ್ದು ಮೊದಲು ಆಟಿಕೆಯ ಮೂಲಕ. 1947ರಲ್ಲಿ ಇಂಗ್ಲೆಂಡಿನ ಪೀಟರ್ ಅಡಾಲ್ಫ್ ‘ಸಬ್ಯೂಟಿಯೊ’ ಎಂಬ ಮೇಜಿನ ಮೇಲಿನ ಫುಟ್‌ಬಾಲ್ ಆಟವನ್ನು ಮಾರತೊಡಗಿದ. ಬೆರಳಿನಿಂದ ಚಿಮ್ಮಿಸುವ ಪುಟ್ಟ ಆಟಗಾರರು, ಒಂದೊಂದು ಕ್ಲಬ್ಬಿಗೆ ಒಂದೊಂದು ಬಣ್ಣ. ತಮ್ಮ ಊರ ತಂಡ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಮಕ್ಕಳು ಕುಂಚ ಹಿಡಿದು ತಾವೇ ಬಳಿದುಕೊಳ್ಳಬಹುದಿತ್ತು. ನಿಜವಾದ ಜೆರ್ಸಿ ಅಂಗಡಿಗೆ ಬಂದದ್ದು 1970ರ ದಶಕದಲ್ಲಿ. ಅಡ್ಮಿರಲ್ ಎಂಬ ಬಟ್ಟೆ ಕಂಪನಿ ಲೀಡ್ಸ್ ಯುನೈಟೆಡ್‌ಗೆ ವಿಶೇಷ ವಿನ್ಯಾಸ ಮಾಡಿಕೊಟ್ಟು, ಅದೇ ನಮೂನೆಯ ಅಂಗಿಯನ್ನು ಅಭಿಮಾನಿಗಳ ಮಕ್ಕಳಿಗೆ ಮಾರಿತು. ವಿನ್ಯಾಸ ಕಂಪನಿಯದಾಗಿದ್ದರೆ ಮಾತ್ರ ಅದರ ಮಾರಾಟದ ಹಕ್ಕೂ ಕಂಪನಿಯದಾಗುತ್ತದೆ. ಹಾಗಾಗಿ ಪ್ರತಿ ವರ್ಷ ಹೊಸ ವಿನ್ಯಾಸ, ಪ್ರತಿ ವರ್ಷ ಹೊಸ ಖರ್ಚು. ಹಿಂದೆಯೇ ಜಾಹೀರಾತೂ ಎದೆಗೇರಿತು. 1973ರಲ್ಲಿ ಜರ್ಮನಿಯ ಐನ್‌ಟ್ರಾಕ್ಟ್ ಬ್ರೌನ್‌ಶ್ವೈಗ್ ಮದ್ಯದ ಕಂಪನಿಯೊಂದರ ಜಿಂಕೆ ಗುರುತನ್ನು ತನ್ನ ಲಾಂಛನವಾಗಿಯೇ ಮಾಡಿಕೊಂಡು ನಿಯಮದ ಕಣ್ಣು ತಪ್ಪಿಸಿತು.

ಮುಂದಿನ ಹೆಜ್ಜೆ ಕಂಪ್ಯೂಟರ್ ಆಟಗಳದು. ಜಪಾನಿನ ಕೊನಾಮಿ ಕಂಪನಿಯ ‘ಪ್ರೊ ಎವಲ್ಯೂಷನ್ ಸಾಕರ್’ ಆಡಿದವರಿಗೆ ನೆನಪಿರುತ್ತದೆ: ಅನೇಕ ಇಂಗ್ಲಿಷ್ ಕ್ಲಬ್ಬುಗಳ ಹೆಸರು, ಲಾಂಛನ, ಜೆರ್ಸಿ ಬಳಸುವ ಪರವಾನಗಿ ಅದಕ್ಕಿರಲಿಲ್ಲ. ಹಾಗಾಗಿ ಲಿವರ್‌ಪೂಲ್ ಅಲ್ಲಿ ‘ಮರ್ಸಿಸೈಡ್ ರೆಡ್’ ಆಯಿತು, ಮ್ಯಾಂಚೆಸ್ಟರ್ ಯುನೈಟೆಡ್ ‘ಮ್ಯಾನ್ ರೆಡ್’, ಚೆಲ್ಸಿ ‘ಲಂಡನ್ ಎಫ್‌ಸಿ’. ಊರಿನ ಹೆಸರು, ಬಣ್ಣದ ಹೆಸರು ಯಾರಪ್ಪನ ಆಸ್ತಿಯೂ ಅಲ್ಲವಲ್ಲ. ಜೊತೆಗೆ ಆಟದೊಳಗೇ ತಂಡಗಳನ್ನು ತಿದ್ದುವ ಸೌಲಭ್ಯ ಇತ್ತು. ಅಭಿಮಾನಿಗಳು ಮೊದಲು ನಿಜವಾದ ಜೆರ್ಸಿಗಳನ್ನು ಚುಕ್ಕಿಚುಕ್ಕಿಯಾಗಿ ನಕಲು ಮಾಡಿದರು. ನಕಲು ಕೈಗೆ ಹತ್ತಿದ ಮೇಲೆ, ಇದಕ್ಕಿಂತ ನಾನೇ ಚೆನ್ನಾಗಿ ಮಾಡಬಲ್ಲೆ ಅನ್ನಿಸದಿದ್ದೀತೇ? ಕಂಪನಿಯ ಪರವಾನಗಿ ಇಲ್ಲದ ಕೊರತೆಯೇ ಒಂದು ತಲೆಮಾರಿಗೆ ವಿನ್ಯಾಸದ ಪಾಠಶಾಲೆಯಾಯಿತು.

ಬಾಲಾನಗರ ಇಂಥ ಹವ್ಯಾಸಕ್ಕೆ ಹೇಳಿ ಮಾಡಿಸಿದ ಜಾಗವೇನಲ್ಲ. ಹಿಂದೂಸ್ತಾನ್ ಏರೋನಾಟಿಕ್ಸ್‌ನ ಘಟಕ, ಔಷಧ ತಯಾರಿಸುತ್ತಿದ್ದ ಐಡಿಪಿಎಲ್‌ನ ವಿಶಾಲ ಆವರಣ, ಅಚ್ಚು ಮತ್ತು ಉಪಕರಣಗಳ ವಿನ್ಯಾಸ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ, ಇವುಗಳ ಸುತ್ತ ಲೇತ್ ಯಂತ್ರಗಳ ಸಣ್ಣ ಶೆಡ್ಡುಗಳು. ಆದರೆ ಗೆರೆ ಎಳೆಯುವ ಶಿಸ್ತು ಈ ಊರಿಗೆ ಹೊಸದಲ್ಲ. ನಮ್ಮ ಕಟ್ಟಡದಲ್ಲಿ ಕಲಬುರಗಿ ಕಡೆಯ ಮನೆಯ ಹುಡುಗನೊಬ್ಬ ಹಗಲು ಅಚ್ಚಿನ ನಕ್ಷೆ ಬರೆಯುವುದನ್ನು ಕಲಿಯುತ್ತಾನೆ, ರಾತ್ರಿ ಅದೇ ಲ್ಯಾಪ್‌ಟಾಪಿನಲ್ಲಿ ಜೆರ್ಸಿ ಬರೆಯುತ್ತಾನೆ. ಅವನು ಯುವೆಂಟಸ್‌ಗೆ ಮಾಡಿದ ಒಂದು ವಿನ್ಯಾಸ ತೋರಿಸಿದ. ಕಪ್ಪು ಪಟ್ಟೆಗಳ ಒಳಗೆ ಬೆಳ್ಳಿಯ ಬಳ್ಳಿ, ಹೂವು. ಬೀದರಿನ ಬಿದ್ರಿ ಹೂಜಿಯ ಮೇಲಿನ ಕುಸುರಿ! ಸತು ತಾಮ್ರದ ಮಿಶ್ರಲೋಹವನ್ನು ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿ ಬೆಳ್ಳಿ ಮಿನುಗಿಸುವ ಕಲೆ ಅದು. ನಾಟಿಂಗ್‌ಹ್ಯಾಮ್‌ನಿಂದ ಟ್ಯೂರಿನ್ನಿಗೆ ಹೋದ ಕಪ್ಪು ಬಿಳಿ, ನೂರಿಪ್ಪತ್ತು ವರ್ಷಗಳ ಮೇಲೆ ಬೀದರಿಗೆ ಬಂದಿತ್ತು.

ಇದನ್ನು ಕ್ಲಬ್ಬಿಗೆ ಕಳಿಸಬಾರದೇ ಎಂದೆ. “ಇದು ಯಾರೂ ಹಾಕ್ಕೊಳಂಗಿಲ್ರಿ ಅಕ್ಕಾ, ಅದಕ್ಕೇ ನಂಗ ಹ್ಯಾಂಗ ಬೇಕೋ ಹಂಗ ಮಾಡ್ತೀನಿ” ಅಂದ.

ಅವನ ಮಾತು ಸರಿಯೇ. ನನ್ನನ್ನು ಕಾಡಿದ್ದು ಬೇರೆಯೇ. ಅವನ ಕಡತಗಳಲ್ಲಿ ಟ್ಯೂರಿನ್ ಇತ್ತು, ಡಾರ್ಟ್‌ಮಂಡ್ ಇತ್ತು, ಬಿಲ್ಬಾವೊ ಇತ್ತು. ಹೈದರಾಬಾದ್ ಇರಲಿಲ್ಲ. ಈ ಊರಿಗೆ ಫುಟ್‌ಬಾಲ್ ಚರಿತ್ರೆ ಇಲ್ಲದೆ ಹೀಗಾಗಿದ್ದರೆ ಮಾತು ಬೇರೆ. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಲ್ಲಿ ಮೋಹನ್ ಬಾಗಾನ್ ಅನ್ನು ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತು. ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದಿತು. ತಂಡವನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಂ, ವೃತ್ತಿಯಿಂದ ಶಿಕ್ಷಕರು. ಅವರ ತರಬೇತಿಯಲ್ಲೇ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. 1963ರಲ್ಲಿ ರಹೀಂ ತೀರಿಕೊಂಡರು. ಅವರ ಬಗ್ಗೆ ಹಿಂದಿ ಚಿತ್ರ ‘ಮೈದಾನ್’ ಬರಲು 2024 ಆಗಬೇಕಾಯಿತು.

ಕನ್ನಡದವರಿಗೆ ಇದು ನೆರೆಯವರ ಚರಿತ್ರೆಯಲ್ಲ. ರೋವರ್ಸ್ ಕಪ್‌ನ ಆ ಐದು ವರ್ಷ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಹುಡುಗನ ಅಜ್ಜನ ಕಾಲದವರಿಗೆ ರಹೀಂ ಅವರ ಪೊಲೀಸ್ ತಂಡ ತಮ್ಮ ರಾಜಧಾನಿಯ ತಂಡ. 1956ರ ನವೆಂಬರ್ 1ರಂದು ರಾಜ್ಯ ಮೂರು ಪಾಲಾಗಿ ಇಲ್ಲವಾಯಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್‌ನಲ್ಲಿ ರಹೀಂ ಅವರ ಹುಡುಗರು ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದರು. ಸಂತೋಷ್ ಟ್ರೋಫಿಯನ್ನು 1956-57 ಮತ್ತು 1957-58ರಲ್ಲಿ ಗೆದ್ದ ತಂಡದ ಹೆಸರು ಹೈದರಾಬಾದ್. ಭೂಪಟದಿಂದ ಅಳಿಸಿಹೋದ ರಾಜ್ಯದ ಹೆಸರು ಅಂಗಳದಲ್ಲಿ ಇನ್ನೂ ಆಡುತ್ತಿತ್ತು. ಆದರೆ ಆ ಕಾಲದ ಪಟಗಳು ಕಪ್ಪು ಬಿಳಿ. ಅಭಿಮಾನಿಗೆ ಜೆರ್ಸಿ ಮಾರುವ ವ್ಯಾಪಾರ ಹುಟ್ಟಲು ಇನ್ನೂ ಇಪ್ಪತ್ತು ವರ್ಷ ಬೇಕಿತ್ತು. ಹಾಗಾಗಿ ಗೆಲುವುಗಳು ಪಟ್ಟಿಯಲ್ಲಿ ಉಳಿದವು, ಬಣ್ಣವಾಗಿ ಮಕ್ಕಳ ಕಣ್ಣಿಗೆ ಇಳಿಯಲಿಲ್ಲ.

ಎರಡನೆಯ ಅವಕಾಶ ಬಂದದ್ದು 2019ರಲ್ಲಿ. ಪುಣೆಯ ಕ್ಲಬ್ ಮುಚ್ಚಿ ತೆರವಾದ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಬಣ್ಣ ಹಳದಿ ಕಪ್ಪು. ಮರುವರ್ಷ ಅದೇ ಬಣ್ಣದ ಡಾರ್ಟ್‌ಮಂಡ್ ಕ್ಲಬ್ಬಿನೊಡನೆ ಒಪ್ಪಂದವೂ ಆಯಿತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್. ಎದುರಾಳಿ ಕೇರಳ ಬ್ಲಾಸ್ಟರ್ಸ್, ಅವರದೂ ಹಳದಿಯೇ. ಶತಮಾನದ ಹಿಂದಿನ ನಿಯಮ ಎದ್ದು ಬಂತು: ಒಬ್ಬರು ಬದಲಿಸಲೇಬೇಕು. ಹೈದರಾಬಾದ್ ಹಳದಿ ಉಳಿಸಿಕೊಂಡಿತು, ಕೇರಳ ಕಪ್ಪು ತೊಟ್ಟಿತು. ಅವರ ಅಭಿಮಾನಿಗಳು ಮಾತ್ರ ಹಳದಿಯಲ್ಲೇ ಬಂದು ಕೂತರು. ಪಂದ್ಯ 1-1. ಪೆನಾಲ್ಟಿಯಲ್ಲಿ ಹೈದರಾಬಾದಿನ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟೀಮನಿ ಮೂರು ಹೊಡೆತ ತಡೆದರು. ಗೋವಾದ ಆಟಗಾರ; ಮನೆತನದ ಹೆಸರನ್ನು ಕನ್ನಡ ಓದುಗರು ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರಿಂದ ಬಲ್ಲರು. ಕಪ್ ಹೈದರಾಬಾದಿಗೆ ಬಂತು. ಆಮೇಲೆ ಹಣದ ಮುಗ್ಗಟ್ಟು, ಒಡೆತನದ ಬದಲಾವಣೆ. 2025ರಲ್ಲಿ ಕ್ಲಬ್ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೆಸರಿಟ್ಟುಕೊಂಡಿತು. ಆ ಹಳದಿ ಜೆರ್ಸಿ ಕೊಂಡವರು ಈಗ ಅದನ್ನು ತೊಟ್ಟು ಯಾರಿಗೆ ಕೂಗಬೇಕು?

ಕಲ್ಪನೆಯ ಜೆರ್ಸಿಗಳನ್ನು ಕಾಲಹರಣ ಎನ್ನುವವರಿಗೆ ಇದು ನನ್ನ ಉತ್ತರ. ಕ್ಲಬ್ ಎಂಬುದು ಕಾಗದಪತ್ರಗಳ ಮೇಲೆ ಯಾರದೋ ಆಸ್ತಿ; ಮಾರಬಹುದು, ಊರು ಬದಲಿಸಬಹುದು. ಪರವಾನಗಿ ಮುಗಿದರೆ ಲಾಂಛನವನ್ನು ಕಿತ್ತುಕೊಳ್ಳಬಹುದು. ಊರಿನ ಹೆಸರಿಗೆ ಮತ್ತು ಬಣ್ಣಕ್ಕೆ ಮಾತ್ರ ಪರವಾನಗಿ ಬೇಡ ಎಂಬುದನ್ನು ‘ಮರ್ಸಿಸೈಡ್ ರೆಡ್’ ಆಗಲೇ ತೋರಿಸಿಕೊಟ್ಟಿದೆ. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಇವತ್ತು ಒಂದು ಜೆರ್ಸಿ ಬರೆಯಲು ಯಾವ ಪತ್ರಿಕೆಯ ಸ್ಪರ್ಧೆಯೂ ಬೇಕಿಲ್ಲ, ಯಾವ ಮಾಲೀಕನ ಒಪ್ಪಿಗೆಯೂ ಬೇಕಿಲ್ಲ. ಬಿದ್ರಿಯ ಬಳ್ಳಿ ಅಲ್ಲೂ ಚೆನ್ನಾಗಿ ಕೂರುತ್ತದೆ. ಬೆನ್ನ ಮೇಲೆ, ಅಂಕಿಯ ಕೆಳಗೆ, ಸಣ್ಣದಾಗಿ 1950-54 ಎಂದು ಬರೆದರೆ ಸಾಕು.