ತುಂಗಭದ್ರೆಯ ಬಲದಂಡೆ: ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ಭೂಗೋಳ ಮತ್ತು ಆದಿ ಇತಿಹಾಸ

ಪಶ್ಚಿಮಘಟ್ಟದ ಮಳೆನೆರಳಿನಲ್ಲಿದ್ದರೂ ಸಾವಿರಾರು ವರ್ಷಗಳಿಂದ ಜನವಸತಿ ದಟ್ಟವಾಗಿ ನೆಲೆನಿಂತ ಕರ್ನಾಟಕದ ಭೂಭಾಗಗಳಲ್ಲಿ ತುಂಗಭದ್ರಾ ನದಿಯ ಬಲದಂಡೆಯ ಈ ಸೀಮೆ ಮುಖ್ಯವಾದುದು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡ ಮೇಲೆ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ನೆಲದ ಗುಣವನ್ನಾಗಲಿ ಚರಿತ್ರೆಯನ್ನಾಗಲಿ ಈ ಗಡಿ ಬೇರ್ಪಡಿಸುವುದಿಲ್ಲವಾದ್ದರಿಂದ ಇಡೀ ಪ್ರದೇಶವನ್ನು ಒಂದೇ ಘಟಕವಾಗಿ ನೋಡುವುದು ಯುಕ್ತ.

ಸೀಮೆಯ ಭೂರಚನೆಯಲ್ಲಿ ಮೂರು ಬಗೆಗಳಿವೆ. ಉತ್ತರದಲ್ಲಿ, ಹಂಪಿಯ ಸುತ್ತ, ಸುಮಾರು 250 ಕೋಟಿ ವರ್ಷ ಹಳೆಯದಾದ ಬೆಣಚುಕಲ್ಲಿನ ಗುಡ್ಡಗಳಿವೆ; ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಶಿಲಾಪಟ್ಟಿಯ ಉತ್ತರ ಭಾಗವಿದು. ಇಲ್ಲಿನ ಗುಂಡುಗಳನ್ನು ಯಾವ ಪ್ರವಾಹವೂ ಹೊತ್ತು ತಂದು ಪೇರಿಸಿದ್ದಲ್ಲ. ಬಂಡೆಯ ಸೀಳುಗಳಲ್ಲಿ ನೀರು ಇಳಿದು, ಅಂಚುಗಳು ಸವೆದು, ಇದ್ದಲ್ಲಿಯೇ ಅವು ದುಂಡಗಾದವು. ದಕ್ಷಿಣದಲ್ಲಿ ಇದಕ್ಕೂ ಹಳೆಯದಾದ, ಸುಮಾರು 270 ಕೋಟಿ ವರ್ಷಗಳಷ್ಟು ಹಿಂದಿನ ಸಂಡೂರಿನ ಪದರಶಿಲೆಯ ಬೆಟ್ಟಸಾಲು ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರನ್ನು ಒಡಲಲ್ಲಿಟ್ಟುಕೊಂಡು ಒಂದು ಕಣಿವೆಯನ್ನು ಸುತ್ತುವರಿದಿದೆ. ಆ ಕಣಿವೆಯ ನೀರನ್ನು ಹೊರಗೊಯ್ಯುವ ನಾರಿಹಳ್ಳವು ಭೀಮಗಂಡಿ, ಓಬಳಗಂಡಿ ಎಂಬ ಕಿರಿದಾದ ಇಕ್ಕಟ್ಟುಗಳಲ್ಲಿ ಬೆಟ್ಟವನ್ನು ಸೀಳಿಕೊಂಡು ಹರಿಯುತ್ತದೆ. ಈ ಎರಡು ಎತ್ತರಗಳ ನಡುವೆ ಮತ್ತು ಪೂರ್ವಕ್ಕೆ, ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯ ಗಾದಿಗನೂರು, ತೋರಣಗಲ್ಲುಗಳ ಕಡೆ ಬಯಲು ಹರಡಿಕೊಳ್ಳುತ್ತದೆ. ಕೆಂಪುಮಣ್ಣಿನ ಮಸಾರಿಯೂ ಕಪ್ಪುಮಣ್ಣಿನ ಎರೆಯೂ ಈ ಬಯಲಿನ ಎರಡು ಮುಖ್ಯ ನೆಲಗಳು.

ಈ ನಾಡಿನ ಚರಿತ್ರೆಯನ್ನು ವಿಜಯನಗರದ ಸ್ಥಾಪನೆಯ ವರ್ಷವೆನ್ನುವ 1336ರಿಂದ ಆರಂಭಿಸುವ ರೂಢಿ ಬಲವಾಗಿದ್ದರೂ ಅದು ಸರಿಯಾದುದಲ್ಲ. ಕುಡತಿನಿಯ ಬಳಿಯಿರುವ ಬೂದಿದಿಬ್ಬ ನವಶಿಲಾಯುಗದ್ದು. ಇಂಥ ದಿಬ್ಬಗಳು ಜ್ವಾಲಾಮುಖಿಯ ಅವಶೇಷಗಳೆಂದೂ ಸಾಮೂಹಿಕ ದಹನದ ಗುರುತುಗಳೆಂದೂ ಹಿಂದೆ ನಾನಾ ಊಹೆಗಳಿದ್ದವು. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಇವನ್ನು ಪ್ರಾಗಿತಿಹಾಸ ಕಾಲದ ಜನರ ಕೃತಿಯೆಂದು ಗುರುತಿಸಿದರೆ, 1957ರಲ್ಲಿ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್, ದನದ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಇವು ಬೆಳೆದವೆಂದು ಗೊರಸಿನ ಗುರುತುಗಳ ಸಮೇತ ತೋರಿಸಿದರು. ಬಳ್ಳಾರಿ ಬಳಿಯ ಸಂಗನಕಲ್ಲಿನ ಜನ ಹುರುಳಿ, ಹೆಸರು, ಕಿರುಧಾನ್ಯಗಳನ್ನು ಬೆಳೆಯುತ್ತಿದ್ದರು. ಅಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಗಟ್ಟಿಯಾದ ಕರಿಶಿಲೆಯಿಂದ ಕೊಡಲಿಗಳನ್ನು ರಾಶಿಗಟ್ಟಲೆ ತಯಾರಿಸುತ್ತಿದ್ದರು. ಆ ಗುಡ್ಡದ ಬಂಡೆಗಳ ಮೇಲಿನ ಕೊರೆಚಿತ್ರಗಳಿಗೆ ಕಲ್ಲುಗಣಿಗಾರಿಕೆ ಒಡ್ಡಿದ ಅಪಾಯ ಈ ಸೀಮೆಗೆ ಆದ ದೊಡ್ಡ ಅನ್ಯಾಯ. ನದಿಯಾಚೆ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಕಬ್ಬಿಣಯುಗದ ನೂರಾರು ಕಲ್ಗೋರಿಗಳು ಇಂದಿಗೂ ನಿಂತಿವೆ.

ಬರವಣಿಗೆಯ ಸಾಕ್ಷ್ಯ ದೊರೆಯುವುದು ಮೌರ್ಯರ ಕಾಲದಿಂದ. ಸಿರುಗುಪ್ಪ ಕಡೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿಯೂ ಅಶೋಕನ ಕಿರುಶಾಸನಗಳಿವೆ. ನಿಟ್ಟೂರಿನ ಪಾಠದಲ್ಲಿ ಅಶೋಕನ ಹೆಸರೇ ಕಾಣುವುದು ಅಪರೂಪದ ಸಂಗತಿ. ಮ್ಯಾಕದೋಣಿಯ ಶಾಸನ ಮತ್ತು ಪಲ್ಲವ ಶಿವಸ್ಕಂದವರ್ಮನ ಹಿರೇಹಡಗಲಿ ತಾಮ್ರಪಟ ಈ ಭಾಗದ ಆಡಳಿತ ವಿಭಾಗವನ್ನು ಶಾತವಾಹನರ ಹೆಸರಿನಿಂದಲೇ ಕರೆಯುತ್ತವೆ. ಮುಂದೆ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು ಆಳಿದರು. ಸಂಡೂರಿನ ಬೆಟ್ಟದ ಮೇಲಿನ ಪಾರ್ವತಿ ದೇವಾಲಯ ಆ ಕಾಲದ ಕಟ್ಟಡಶೈಲಿಯದು. ಕಲ್ಯಾಣದ ಚಾಲುಕ್ಯರಿಗೆ ಕಂಪ್ಲಿಯಲ್ಲಿ ಅರಮನೆಯೇ ಇತ್ತು. 11ನೆಯ ಶತಮಾನದ ನಡುಭಾಗದಲ್ಲಿ ಅದನ್ನು ಕೆಡವಿದುದಾಗಿ ಚೋಳ ರಾಜಾಧಿರಾಜನ ಶಾಸನಗಳು ಹೇಳಿಕೊಳ್ಳುತ್ತವೆ. 12ನೆಯ ಶತಮಾನದಲ್ಲಿ ಕುರುಗೋಡಿನ ಸಿಂದರು ಬಳ್ಳಕುಂದೆ-300 ಎಂಬ ನಾಡನ್ನು ಆಳಿದರು.

ದೇವಗಿರಿಯ ಸೇವುಣರು ಕುಸಿದಾಗ ಮುಮ್ಮಡಿ ಸಿಂಗನ ಮಗ ಕಂಪಿಲರಾಯನು ಕುಮ್ಮಟದುರ್ಗ ಮತ್ತು ಹೊಸಮಲೆದುರ್ಗಗಳನ್ನು ನೆಲೆಯಾಗಿಸಿಕೊಂಡು ಸ್ವತಂತ್ರನಾದನು. ದಿಲ್ಲಿಯ ವಿರುದ್ಧ ದಂಗೆಯೆದ್ದ ಬಹಾಉದ್ದೀನ್ ಗುರ್ಷಾಸ್ಪನಿಗೆ ಆಶ್ರಯ ಕೊಟ್ಟ ಕಾರಣ ಮಹಮ್ಮದ್ ಬಿನ್ ತುಘಲಕನ ಸೇನೆ 1327ರ ಸುಮಾರಿಗೆ ಈ ರಾಜ್ಯವನ್ನು ನಾಶಮಾಡಿತು; ಶರಣುಬಂದವನನ್ನು ರಾಜನು ಬಿಟ್ಟುಕೊಡಲಿಲ್ಲವೆಂದು ಇಬ್ನ್ ಬತೂತನು ದಾಖಲಿಸಿದ್ದಾನೆ. ಕಂಪಿಲನ ಮಗ ಕುಮಾರರಾಮನ ಕಥೆ ಜನಪದರ ಹಾಡುಗಳಲ್ಲಿ ಉಳಿಯಿತು, 16ನೆಯ ಶತಮಾನದ ನಂಜುಂಡ ಕವಿಯ ಸಾಂಗತ್ಯ ಕಾವ್ಯವೂ ಆಯಿತು. ವಿಜಯನಗರದ ಸ್ಥಾಪಕರಿಗೆ ದೊರೆತದ್ದು ಹೀಗೆ ದೀರ್ಘಕಾಲ ಆಳಿಸಿಕೊಂಡು ಬಂದ, ಬೆಟ್ಟಗಳೇ ಕೋಟೆಯಾಗಿದ್ದ ನೆಲ.

ಅವರು ಸೇರಿಸಿದ ಹೊಸ ಬಲವೆಂದರೆ ನೀರು.  ಇಲ್ಲಿ ಜನಸಾಂದ್ರತೆ ಬೆಳೆದದ್ದು ನೀರನ್ನು ಒಣನೆಲಕ್ಕೆ ತಿರುಗಿಸಿ. ನದಿಯ ಪಾತ್ರದಲ್ಲಿ ಅಲ್ಲಲ್ಲಿ ತಲೆಯೆತ್ತಿದ ಬಂಡೆಗಳ ಸಂದುಗಳನ್ನು ಕಲ್ಲುಕಟ್ಟಡದಿಂದ ಮುಚ್ಚಿ, ತಗ್ಗಾದ ಅಡ್ಡಕಟ್ಟೆಗಳನ್ನು ನಿರ್ಮಿಸಿ, ನೀರು ನೆಲದ ಇಳಿಜಾರನ್ನು ಅನುಸರಿಸಿ ತಾನಾಗಿ ಹರಿಯುವಂತೆ ತುರ್ತು, ಬಸವಣ್ಣ, ರಾಯ ಕಾಲುವೆಗಳನ್ನು ಎಳೆಯಲಾಯಿತು. ಹೊಸಪೇಟೆಯ ಬಳಿಯ ದೊಡ್ಡ ಕೆರೆಯ ಕೆಲಸಕ್ಕೆ ಕೃಷ್ಣದೇವರಾಯನು ಪೋರ್ಚುಗೀಸ್ ಕುಶಲಕರ್ಮಿಯೊಬ್ಬನ ನೆರವು ಪಡೆದನೆಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ. ಆ ಊರಿಗೆ ಆಗಿನ ಹೆಸರು ನಾಗಲಾಪುರ. 1565ರಲ್ಲಿ ರಾಜಧಾನಿ ಹಾಳಾದರೂ ಕಾಲುವೆಗಳು ನಿಲ್ಲಲಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ವಲ್ಲಭಾಪುರದ ಹಳೆಯ ಅಡ್ಡಕಟ್ಟೆ ಮುಳುಗಿತು. ಅದರಿಂದ ಹೊರಡುತ್ತಿದ್ದ ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಅಂದಿನಿಂದ ಜಲಾಶಯದಿಂದಲೇ ನೀರು ಬಿಡಲಾಗುತ್ತಿದೆ.